ಭರಮಾನ ಗಾಡಿಯಲ್ಲಿ ಹೋದ ಹಾಲು

ಚಿಕ್ಕೋಡಿಯ ಸರಕಾರಿ ದವಾಖಾನೆಯಲ್ಲಿ ಈಗ ದಿನ ತುಂಬದೆ ಹುಟ್ಟಿದ ಕೂಸುಗಳಿಗಂತಲೇ ಒಂದು ಬೇರೆ ಕೋಣೆ ಇದೆ. ಅದಕ್ಕೆ ಹತ್ತಿ ಇನ್ನೊಂದು ಸಣ್ಣ ಕೋಣೆ. ಅಲ್ಲಿ ಬಾಣಂತಿಯರು ಗೋಡೆಗೆ ಮುಖ ಮಾಡಿ ಕೂತು ಎದೆಹಾಲನ್ನು ಕೈಯಿಂದಲೇ ವಾಟಿಗೆ ಹಿಂಡುತ್ತಾರೆ. ಆ ಬಾಗಿಲು ತೆರೆದಾಗಲೆಲ್ಲ ಒಂದು ವಾಸನೆ ಹೊರಗೆ ಬರುತ್ತದೆ. ಬೆವರು, ಫಿನೈಲು, ಹಾಲು ಸೋರಿ ಒಣಗಿದ ಸೆರಗು, ಎಲ್ಲ ಕೂಡಿದ್ದು. ಸಿಹಿ ಅನ್ನುವಷ್ಟರಲ್ಲಿ ಹುಳಿಯಾಗುವ ವಾಸನೆ.

ಮೂರು ವರ್ಷದ ಹಿಂದೆ ಆ ಬಾಗಿಲ ಎದುರಿನ ಬಾಕಿನ ಮೇಲೆ ನಾನು ಮತ್ತು ನನ್ನ ಗೆಳೆಯ ಭರಮಾ ಕೂತಿದ್ದೆವು. ಅವನ ಮಗಳು ಸುಮಾ ದಿನ ತುಂಬುವ ಮೊದಲೇ ಹಡೆದಿದ್ದಳು. "ಮಾಸ್ತರ, ನೀ ಬಾ. ಡಾಕ್ಟರ್ ಮಂದಿ ಏನ್ ಅಂತಾರೋ ನನ್ನ ತಲಿಗೆ ಹತ್ತವಲ್ದು" ಎಂದು ಫೋನ್ ಮಾಡಿ ಕರೆಸಿಕೊಂಡಿದ್ದ. ಬಾಗಿಲು ತೆರೆಯಿತು, ವಾಸನೆ ಬಂತು. ನನಗೆ ಎರಡು ಸಾವಿರದ ಇಸವಿ ದಾಟಿದ ಹೊಸದರ ಒಂದು ಬೇಸಿಗೆ, ನಾನು ಮಾತಿನಲ್ಲಿ ಎಂದೂ ತರದ ಬೇಸಿಗೆ, ಎದುರಿಗೆ ಬಂದು ನಿಂತಿತು.

ನಮ್ಮದು ನಿಪ್ಪಾಣಿ ಹತ್ತಿರದ ಅಕ್ಕೋಳ. ಅಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊತ್ತ, ಕೆಮ್ಮಿದ, ಹೋದ. ಅವ್ವ ಮಂದಿ ಹೊಲದಲ್ಲಿ ಕಸ ಕಿತ್ತು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಿ.ಎಸ್ಸಿ., ಆಮೇಲೆ ಬಿ.ಎಡ್. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಪುಗಸಟ್ಟೆ ಕೊಟ್ಟದ್ದಲ್ಲ. ಭರಮಾ ನಮ್ಮ ಓಣಿಯವನೇ, ಏಳನೆಯ ಇಯತ್ತೆಯತನಕ ಒಂದೇ ಪಾಟಿಯಲ್ಲಿ ಲೆಕ್ಕ ಮಾಡಿದವರು ನಾವು. ಪಿಯುಸಿಯಲ್ಲಿ ಇಂಗ್ಲೀಷು ಅವನನ್ನು ಕೆಡವಿತು. ಮತ್ತೊಮ್ಮೆ ಕೂತ, ಮತ್ತೆ ಬಿದ್ದ. "ಲೇ, ಇಬ್ಬರದೂ ಓದು ನೀನ ಓದಿಬಿಡು. ಇಬ್ಬರದೂ ಗಾಡಿ ನಾ ಹೊಡಿತೇನಿ" ಅಂದು ಊರಿನ ಹಾಲಿನ ಡೇರಿಯ ಗಾಡಿ ಹತ್ತಿದ. ನನಗೆ ಮಾಸ್ತರಿಕೆ ಸಿಕ್ಕ ದಿನ ಇಡೀ ಓಣಿಗೆ ಪೇಢೆ ಹಂಚಿದವನು ಅವನೇ. ಅವತ್ತಿನಿಂದ "ಲೇ" ಹೋಗಿ "ಮಾಸ್ತರ" ಆಯಿತು. ಅರ್ಧ ಗೌರವ, ಅರ್ಧ ಚಾಷ್ಟಿ.

ಆ ಬೇಸಿಗೆಯಲ್ಲಿ ನಾನು ರಾಯಬಾಗ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೆಂಡತಿ ಶೋಭಾ ಮೊದಲ ಬಸಿರು. ಒಮ್ಮೆಗೇ ಅವಳ ಕಾಲು ಬಾತವು, ಮುಖ ಬಾತಿತು, ಕಣ್ಣಿಗೆ ಕತ್ತಲೆ ಬಂತು. ನಿಪ್ಪಾಣಿಗೆ ಒಯ್ದರೆ ಬಿ.ಪಿ. ಬಹಳ ಏರಿದೆ, ಕೂಸನ್ನು ಈಗಲೇ ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಂದರು. ಹೊಟ್ಟೆ ಕೊಯ್ದು ತೆಗೆದರು. ಏಳು ತಿಂಗಳು ತುಂಬಿರಲಿಲ್ಲ. ಹೆಣ್ಣು. ತೂಕ ಒಂದು ಕಿಲೋದ ಮೇಲೆ ಒಂದು ಹಿಡಿ. ಚರ್ಮದೊಳಗಿನ ನರಗಳು ಕಾಣುತ್ತಿದ್ದವು. ಉಸಿರು ತೆಗೆದುಕೊಳ್ಳುವುದನ್ನೇ ನಡುನಡುವೆ ಮರೆಯುತ್ತಿತ್ತು, ಯಾರಾದರೂ ಅಂಗಾಲು ತಟ್ಟಿದರೆ ನೆನಪಾಗಿ ಎಳೆಯುತ್ತಿತ್ತು.

ಅವತ್ತೇ ಕೂಸನ್ನು ಚಿಕ್ಕೋಡಿಯ ಒಂದು ಖಾಸಗಿ ಮಕ್ಕಳ ದವಾಖಾನೆಗೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅಲ್ಲಿಯ ಡಾಕ್ಟರು ವಯಸ್ಸಾದವರು, ನಿಧಾನ ಮಾತಿನವರು. ನಾನು ಮಾಸ್ತರ ಎಂದು ತಿಳಿದ ಮೇಲೆ ಕೂರಿಸಿಕೊಂಡು ಹೇಳಿದರು.

"ಮಾಸ್ತರ್ರ, ಇದರ ಪುಪ್ಪುಸದ ಕಾಳಜಿ ನಮಗ ಬಿಡ್ರಿ. ನನಗ ಅಂಜಿಕಿ ಇರೂದು ಕರುಳಿಂದು. ದಿನಾ ತುಂಬದ ಕೂಸಿನ ಕರುಳು ಅಂದ್ರ ಹಸಿ ಮಣ್ಣಿನ ಗ್ವಾಡಿ. ತಾಯಿ ಹಾಲು ಹನಿ ಹನಿ ಕೊಟ್ರ ಅದಕ್ಕ ಗಿಲಾವ್ ಹಚ್ಚಿದಂಗ ಆಗ್ತೈತಿ. ದನದ ಹಾಲು, ಡಬ್ಬಿ ಹಾಲು ಬಿದ್ರ ಗ್ವಾಡಿ ಬಾತು ಕೊಳೀಲಿಕ್ಕೆ ಹತ್ತಬಹುದು. ಒಮ್ಮೆ ಕೊಳೀಲಿಕ್ಕೆ ಹತ್ತಿತು ಅಂದ್ರ ನಮ್ಮ ಕೈಯಾಗ ಭಾಳ ಉಳಿಯೂದಿಲ್ಲ. ಎಲ್ಲಿಂದರ ತರ್ರಿ, ಹೆಂಗರ ತರ್ರಿ, ಅದರ ತಾಯಿ ಹಾಲ ತರ್ರಿ."

ಎಂಟನೆಯ ವರ್ಗಕ್ಕೆ ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಕರುಳಿನ ಚಿತ್ರ ಬರೆಯುತ್ತಿದ್ದೆ. ಸಣ್ಣ ಕರುಳು, ದೊಡ್ಡ ಕರುಳು, ಬಾಣದ ಗುರುತು. ಅದೇ ಕರುಳಿಗೆ ಹೀಗೂ ಆಗುತ್ತದೆ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ತೊಡಕು ಎಂದರೆ ಕೂಸು ಚಿಕ್ಕೋಡಿಯಲ್ಲಿ, ತಾಯಿ ಅಕ್ಕೋಳದಲ್ಲಿ. ಶೋಭಾಳ ಹೊಲಿಗೆ ಕೀವು ತುಂಬಿತ್ತು, ಬಿ.ಪಿ. ಇಳಿದಿರಲಿಲ್ಲ. ಬಸ್ಸಿನಲ್ಲಿ ಕೂರಿಸಲೇಬೇಡಿ ಎಂದು ನಿಪ್ಪಾಣಿಯ ಡಾಕ್ಟರು ಹೇಳಿ ಕಳಿಸಿದ್ದರು. ಹಾಗಾಗಿ ಅವಳು ಮನೆಯಲ್ಲೇ ಹಿಂಡಿ ಕೊಡುವುದು, ನಾವು ಒಯ್ಯುವುದು. ಕುದಿಸಿದ ವಾಟಿ, ಕುದಿಸಿದ ಸಣ್ಣ ಬಾಟ್ಲಿ, ಅದನ್ನು ಊಟದ ಸ್ಟೀಲ್ ಡಬ್ಬಿಯಲ್ಲಿಟ್ಟು ಸುತ್ತ ಐಸ್‌ಕ್ಯಾಂಡಿ ಮಾರುವವನ ಕಡೆಯಿಂದ ತಂದ ಬರ್ಫ. ಮೊದಲ ದಿನ ಹಿಂಡಿ ಹಿಂಡಿ ವಾಟಿಯ ತಳ ತೊಯ್ಯುವಷ್ಟು ಬಂತು. ಅವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಎವ್ವಾ, ಮಂದಿ ಎಮ್ಮಿ ಹಿಂಡೂದು ನೋಡೇನಿ, ಸೊಸಿ ಹಿಂಡೂದು ಇವತ್ತ ನೋಡಿದೆ."

"ನೋಡಬ್ಯಾಡ್ರಿ ಅತ್ತಿ, ನೀವು ನೋಡಿದ್ರ ಇಳಿಯೂದಿಲ್ಲ."

"ಹಂಗಾದ್ರ ಆ ಕಡೆ ಮಾರಿ ಮಾಡ್ತೇನಿ, ಮುಂದುವರೀಲಿ ಕೆಲಸ!"

ಆಗಿನ್ನೂ ನಮ್ಮ ಮನೆಯಲ್ಲಿ ನಗು ಇತ್ತು. ಅವ್ವನೇ ಬಾಟ್ಲಿಗೆ ಬಟ್ಟೆ ಸುತ್ತಿ, ದೃಷ್ಟಿಯಾಗದಿರಲೆಂದು ಗಂಟಿನಲ್ಲಿ ಒಂದು ಚೂರು ಇದ್ದಿಲು ಇಟ್ಟು ಕಟ್ಟುತ್ತಿದ್ದಳು.

ಮೊದಲಿಗೆ ನಾನೇ ಬಸ್ಸಿನಲ್ಲಿ ಒಯ್ದೆ. ಅಷ್ಟರಲ್ಲಿ ಹತ್ತನೆಯ ವರ್ಗದ ಪರೀಕ್ಷೆ ಬಂತು, ಮೇಲ್ವಿಚಾರಣೆಗೆ ನನ್ನ ಹೆಸರು ಬಿತ್ತು. ರಜೆ ಸಿಗಲಿಲ್ಲ. ರಾತ್ರಿ ಚಿಕ್ಕೋಡಿ ದವಾಖಾನೆಯ ಪಡಸಾಲೆಯಲ್ಲಿ ಮಲಗಿ, ಬೆಳಗ್ಗೆ ಅಲ್ಲಿಂದಲೇ ರಾಯಬಾಗ ಕಡೆ ಬಸ್ಸು ಹಿಡಿದು, ಮಧ್ಯಾಹ್ನ ತಿರುಗಿ ಬರುವುದು ಎಂದಾಯಿತು. ಅಕ್ಕೋಳದಿಂದ ಹಾಲು ತರುವವರು ಯಾರು? ನಾನು ಕೇಳಲೂ ಇಲ್ಲ. ಭರಮಾ ತಾನೇ ಬಂದು ಅವ್ವನ ಮುಂದೆ ನಿಂತ.

"ಅತ್ತಿ, ದಿನಾ ಹೊತ್ತಾರೆ ಸಂಜಿಕೆ ನನ್ನ ಗಾಡಿ ಚಿಕ್ಕೋಡಿಗೆ ಹೋಗ್ತೈತಿ. ಹಾಲಿನ ಗಾಡ್ಯಾಗ ಹಾಲು ಒಯ್ಯಾಕ ಯಾಂವ ಬ್ಯಾಡ ಅಂತಾನ? ನನ್ನ ಬಾಜೂ ಸೀಟು ಇವತ್ತಿನಿಂದ ಇದರದ. ಮಂತ್ರಿ ಬಂದ್ರೂ ಕೂಡ್ರಸೂದಿಲ್ಲ."

ಒಳಗಿನಿಂದ ಶೋಭಾ ಅಂದಳು, "ಭರಮಣ್ಣಾ, ಸಾವಕಾಶ ಹೊಡೀರಿ."

"ತಂಗಿ, ಮೊಸರು ಆಗದಂಗ ಒಯ್ತೇನಿ, ಸುಮ್ಮನಿರು."

ನಮ್ಮ ಕಡೆ ಹಾಲಿನ ಭಾಂಡೆಯನ್ನು ಖಾಲಿ ಕೊಡುವುದಿಲ್ಲ, ಖಾಲಿ ತರುವುದೂ ಇಲ್ಲ. ಯಾರ ಮನೆಯಿಂದಲಾದರೂ ತಂಬಿಗೆಯಲ್ಲಿ ಹಾಲು ಬಂದರೆ ತಿರುಗಿ ಕಳಿಸುವಾಗ ಒಂದು ಚಿಟಿಕೆ ಸಕ್ಕರೆಯೋ ನಾಲ್ಕು ಕಾಳು ಜೋಳವೋ ಹಾಕಿ ಕಳಿಸುತ್ತೇವೆ. ಕೂಸಿರುವ ಮನೆಗಂತೂ ಖಾಲಿ ಭಾಂಡೆ ಹಿಡಿದು ಕಾಲಿಡಬಾರದು. ಭರಮಾ ಇದನ್ನು ದವಾಖಾನೆಯಲ್ಲೂ ನಡೆಸಿದ. "ಸಿಸ್ಟರ್, ಬಾಟ್ಲಿ ಖಾಲಿ ಕೊಡಬ್ಯಾಡ್ರಿ, ಏನರ ಹಾಕ್ರಿ" ಎಂದು ಅವರ ಬೆನ್ನು ಹತ್ತಿದ. ಅವರು ಮಂಗಳೂರು ಕಡೆಯವರು, ನಕ್ಕು ನಕ್ಕು ಒಂದು ಚಿಟಿಕೆ ಗ್ಲೂಕೋಸ್ ಪುಡಿ ಹಾಕಿ ಕೊಡತೊಡಗಿದರು. ನನಗೂ ಹೇಳಿ ನಕ್ಕರು. ನಾನೂ ನಕ್ಕೆ.

ಕೂಸಿಗೆ ಹೆಸರಿಟ್ಟಿರಲಿಲ್ಲ. ಸಿಸ್ಟರು "ಚಿಮಣಿ" ಅನ್ನುತ್ತಿದ್ದರು. ನಮ್ಮ ಕಡೆ ಗುಬ್ಬಿಗೆ ಹಾಗನ್ನುತ್ತಾರೆ ಎಂದು ಯಾರೋ ಕಲಿಸಿದ್ದರು. ಬಾಯಿಂದ ಹೊಟ್ಟೆಗೆ ಇಳಿಸಿದ ದಾರದಂಥ ನಳಿಗೆಯಲ್ಲಿ ಹಾಲು ಹನಿಯುತ್ತಿತ್ತು. ಪ್ರತಿ ಸಲ ಹಾಕುವ ಮೊದಲು ಆ ನಳಿಗೆಯಿಂದ ಸ್ವಲ್ಪ ಎಳೆದು ಬಣ್ಣ ನೋಡುವರು, ಟೇಪು ಸುತ್ತಿ ಹೊಟ್ಟೆ ಅಳೆಯುವರು. ಹನಿಗಳಿದ್ದದ್ದು ಅರ್ಧ ಚಮಚವಾಯಿತು, ಒಂದು ಚಮಚವಾಯಿತು. ಚಿಮಣಿ ಗಾಜಿನೊಳಗೆ ಆಕಳಿಸುವುದನ್ನು ಕಲಿತಳು. ಬೆರಳು ಕೊಟ್ಟರೆ ಹಿಡಿಯುತ್ತಿದ್ದಳು, ಹಿಡಿದದ್ದನ್ನು ಬಿಡುತ್ತಿರಲಿಲ್ಲ.

ಲಗ್ನದ ದಿನಗಳು ಶುರುವಾಗಿದ್ದವು. ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ, ಡಾಂಬರು ಕರಗಿ ಚಪ್ಪಲಿಗೆ ಹತ್ತುವ ಬಿಸಿಲು. ಆ ವಾರ ಒಂದು ಮಧ್ಯಾಹ್ನ ಸಿಸ್ಟರು ಖುಷಿಯಿಂದ ಹೇಳಿದರು, "ತಾಯಿಗೆ ಹಾಲು ಚೆನ್ನಾಗಿ ಇಳಿದಿದೆ ಮಾಸ್ತರೇ. ನಿನ್ನೆ, ಇವತ್ತು ಬಾಟ್ಲಿ ಕುತ್ತಿಗೆಯವರೆಗೂ ತುಂಬಿ ಬಂತು." ನಾನು ಓಡಿಹೋಗಿ ಎಸ್‌ಟಿಡಿ ಅಂಗಡಿಯಿಂದ ಊರಿನ ಕಿರಾಣಿಯವನಿಗೆ ಫೋನ್ ಮಾಡಿ ಶೋಭಾಗೆ ಹೇಳಿಸಿದೆ. ಅವಳು ಮರಳಿ ಹೇಳಿಸಿದಳು: ತುಂಬಿ ಬಂತು ಅಂದರೇನು, ನನಗೆ ಎರಡು ದಿನದಿಂದ ಜ್ವರ, ಹಾಲು ಕಡಿಮೆಯೇ ಆಗಿದೆ. ಕಿರಾಣಿಯವನು ಒಂದಕ್ಕೆ ಎರಡು ಹೇಳುವ ಮನುಷ್ಯ. ಅವನೇ ಏನೋ ಕಲಸಿದ್ದಾನೆ ಅಂದುಕೊಂಡೆ.

ಮರುದಿನ ಪರೀಕ್ಷೆ ಮುಗಿಸಿ ಬಂದಾಗ ಗಾಜಿನ ಪೆಟ್ಟಿಗೆಯ ಸುತ್ತ ಮಂದಿ ನಿಂತಿದ್ದರು. ಚಿಮಣಿಯ ಹೊಟ್ಟೆ ಬಾತು ಬಿಗಿದು ಹೊಳೆಯುತ್ತಿತ್ತು. ನಳಿಗೆಯಿಂದ ಎಳೆದರೆ ಹಸಿರು ಬಂತು. ಬಟ್ಟೆಯ ಮೇಲೆ ರಕ್ತ. ಬೆರಳು ಕೊಟ್ಟೆ, ಹಿಡಿಯಲಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಕರುಳಿಗೇ ಆಗೇದ ಮಾಸ್ತರ್ರ. ಖರೇ ಹೇಳ್ರಿ, ತಾಯಿ ಹಾಲು ಬಿಟ್ಟು ಬ್ಯಾರೆ ಏನರ ಹೋಗೇತಿ? ಆಕಳ ಹಾಲು? ಜೇನು? ಹಿರ್ಯಾರು ಏನರ ನೆಕ್ಕಿಸ್ಯಾರ?"

"ಇಲ್ರಿ. ಕೂಸಿನ ಹತ್ರ ನಾ ಬಿಟ್ರ ಯಾರೂ ಬರೂದಿಲ್ಲ."

ಆ ಹೊತ್ತಿಗೆ ಭರಮಾ ಸಂಜೆಯ ಹಾಲು ತಂದು ಬಾಗಿಲಲ್ಲಿ ನಿಂತಿದ್ದ. ಡಾಕ್ಟರು ಅವನನ್ನೂ ಕೇಳಿದರು. "ನೀವ ತರೂದು, ಹೌದಲ್ಲ? ಹಾಲು ಇದ್ದದ್ದು ಇದ್ದಂಗ ಬರ್ತೈತಿ? ನಡಕ ಏನೂ ಇಲ್ಲಲ್ಲ?"

"ಏನೂ ಇಲ್ರಿ ಸಾಹೇಬ್ರ. ತಂಗಿ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಸಿಸ್ಟರ್ ಕೈಗೆ."

ಹಾಲು ನಿಲ್ಲಿಸಿದರು. ಸಿಸ್ಟರು ಅವನ ಬಾಟ್ಲಿಯನ್ನು ಮುಟ್ಟದೆ ತುಂಬಿದ್ದು ತುಂಬಿದಂತೆಯೇ ತಿರುಗಿ ಕೊಟ್ಟರು. "ಮನ್ಯಾಗ ನಾ ಹೇಳ್ತೇನಿ, ನೀ ಇಲ್ಲೇ ಇರು" ಎಂದು ಭರಮಾ ನನ್ನ ಹೆಗಲು ಅದುಮಿ ಹೋದ.

ಅಕ್ಕೋಳದಲ್ಲಿ ಆಮೇಲೆ ನಡೆದದ್ದನ್ನು ಶೋಭಾ ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ನಮ್ಮ ಕಡೆ ಒಂದು ಪರೀಕ್ಷೆ ಇದೆ. ಕೂಸು ಹಾಲು ಅರಗಿಸಿಕೊಳ್ಳದಿದ್ದರೆ ಬಾಣಂತಿಯ ಹಾಲನ್ನು ವಾಟಿಯಲ್ಲಿ ಹಿಂಡಿಸಿ ಅದರಲ್ಲಿ ಒಂದು ಇರುವೆ ಬಿಡುತ್ತಾರೆ. ಇರುವೆ ಈಜಿ ದಂಡೆ ಹತ್ತಿದರೆ ಹಾಲು ಚಲೋ. ಸತ್ತರೆ ಹಾಲಿನಲ್ಲಿ ವಿಷ. ನೀರಿನಲ್ಲಿ ಬಿಟ್ಟರೂ ಇರುವೆ ಸಾಯುತ್ತದೆಯೇನೋ ಎಂದು ಓಣಿಯಲ್ಲಿ ಯಾರೂ ಬಿಟ್ಟು ನೋಡಿರಲಿಲ್ಲ. ಭರಮಾ ಸುದ್ದಿ ತಂದ ಕೂಡಲೇ ಅವ್ವ ಶೋಭಾಳ ಮುಂದೆ ವಾಟಿ ಇಟ್ಟಳು. ಓಣಿಯ ಹೆಂಗಸರು ಬಂದು ಕೂಡಿದ್ದರು. ಶೋಭಾ ಮೈಸುಡುವ ಜ್ವರದಲ್ಲಿ, ಅಷ್ಟು ಮಂದಿಯ ಎದುರು, ಹಿಂಡಿದಳು. ಅವ್ವ ಗೋಡೆಯ ಸಾಲಿನಿಂದ ಒಂದು ಕೆಂಪಿರುವೆ ಹಿಡಿದು ಬಿಟ್ಟಳು. ಅದು ಎರಡು ಸುತ್ತು ತಿರುಗಿತು. ನಿಂತಿತು.

"ನೋಡಿದ್ರೇನ?" ಅಂದಳು ಅವ್ವ. "ನನ್ನ ಮೊಮ್ಮಗಳಿಗೆ ಇಷ್ಟ ದಿನ ಏನ ಕಳಿಸೀವಿ ನಾವು, ನೋಡಿದ್ರೇನ?"

ಭರಮಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಚಿಕ್ಕೋಡಿಯಿಂದ ನಾನು ಕೂಸನ್ನು ಮಿರಜಿನ ದೊಡ್ಡ ದವಾಖಾನೆಗೆ ಒಯ್ದೆ. ಅಲ್ಲಿ ಹೊಟ್ಟೆ ತೆರೆದು ನೋಡಿದರು. ಕರುಳಿನ ಬಹುಪಾಲು ಕಪ್ಪಾಗಿದೆ, ಕತ್ತರಿಸಿದರೆ ಉಳಿಯುವುದು ಏನೂ ಇಲ್ಲ ಅಂದರು. ಮುಚ್ಚಿ ಹೊಲಿದು ನನ್ನ ಕೈಗೆ ಕೊಟ್ಟರು. ಗಾಜಿನ ಪೆಟ್ಟಿಗೆಯಿಲ್ಲದೆ, ನಳಿಗೆಯಿಲ್ಲದೆ ಅವಳನ್ನು ನಾನು ಎತ್ತಿಕೊಂಡದ್ದು ಅದೇ ಮೊದಲು. ಸ್ವಲ್ಪ ಹೊತ್ತು ಇದ್ದಳು.

ಊರ ಹೊರಗೆ ಕುಣಿ ತೋಡಿದವನು ಭರಮಾ. ಬೇರೆ ಯಾರಿಗೂ ಗುದ್ದಲಿ ಕೊಡಲಿಲ್ಲ. ನೆಲ ಕಾದು ಕಲ್ಲಾಗಿತ್ತು, ಅವನ ಕೈ ಒಡೆದು ರಕ್ತ ಬಂತು. ಇಂಥ ಗೆಳೆಯ ಯಾರಿಗಿದ್ದಾನೆ ಎಂದು ನಾನು ಅವನನ್ನು ತಬ್ಬಿ ಅತ್ತೆ.

ಇರುವೆಯ ಸಂಗತಿ ಶೋಭಾಳಿಂದ ತಿಳಿದ ಮೇಲೆ ಅವ್ವಗೆ ನಾನು ತಿಳಿಸಿ ಹೇಳಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ವಾಟಿಯಲ್ಲಿ ನೀರು ಹಾಕಿ ಇರುವೆ ಬಿಟ್ಟು ತೋರಿಸಿದೆ.

"ನಿನ್ನ ಡಿಗ್ರಿ ನಿನ್ನ ಕಡೆ ಇಟ್ಗೋ" ಅಂದಳು. "ಡಿಗ್ರಿ ಬರೂಕಿಂತ ಮೊದಲ ನಾ ಐದ ಹಡದೇನಿ. ಕೂಸಿನ ಹೊಟ್ಟಿಗೆ ತಾಯಿ ಹಾಲ ಬಿಟ್ಟು ಬ್ಯಾರೆ ಏನೂ ಹೋಗಿಲ್ಲ ಅಂತ ನೀನ ಹೇಳ್ತಿ. ಹಂಗಾದ್ರ ವಿಷಾ ಎಲ್ಲಿಂದ ಬಂತು?"

ದಿನ ತುಂಬದ ಕೂಸುಗಳಿಗೆ ಕಾರಣವಿಲ್ಲದೆಯೂ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜ. ಅದನ್ನೇ ಹೇಳಿದೆ. ಕಾರಣವಿಲ್ಲದೆ ನಮ್ಮ ಓಣಿಯಲ್ಲಿ ಯಾವುದೂ ಆಗುವುದಿಲ್ಲ.

ಮೂರು ವರ್ಷಕ್ಕೆ ಮಗ ಹುಟ್ಟಿದ. ದಿನ ತುಂಬಿ, ಗಟ್ಟಿಮುಟ್ಟಾಗಿ, ಊರು ಕೇಳುವಂತೆ ಅಳುತ್ತ. ಸಿಸ್ಟರು ತಂದು ಎದೆಗೆ ಹಚ್ಚಲು ಹೋದರೆ ಶೋಭಾ ತಿರುಗಿ ಮಲಗಿದಳು. "ಇದನ್ನರ ಉಳಸೂಣ್ರಿ" ಅಂದಳು ನನಗೆ. ನಾನು ಬೈದೆ, ಕೈ ಮುಗಿದೆ, ಡಾಕ್ಟರರಿಂದ ಹೇಳಿಸಿದೆ. ಅವಳು ಹಳೆಯ ಸೀರೆಯ ಪಟ್ಟಿ ಹರಿದು ಎದೆಗೆ ಬಿಗಿದು ಕಟ್ಟಿಕೊಂಡಳು. ಹಾಲು ಕಟ್ಟಿ, ಗಂಟಾಗಿ, ಜ್ವರ ಬಂದು ನಡುಗಿದಳು, ಪಟ್ಟಿ ಬಿಚ್ಚಲಿಲ್ಲ. ಮಗ ಡಬ್ಬಿ ಹಾಲಿನಲ್ಲಿ ಬೆಳೆದ. ಚೆನ್ನಾಗಿಯೇ ಇದ್ದಾನೆ, ಆ ಮಾತು ಬೇರೆ. ಓಣಿಯ ಯಾವ ಬಾಣಂತಿಯೂ ತನ್ನ ಕೂಸನ್ನು ಶೋಭಾಳ ತೊಡೆಯ ಮೇಲೆ ಇಡಲಿಲ್ಲ. ತೊಟ್ಟಿಲ ಕಾರ್ಯಗಳಿಗೆ ನಮ್ಮ ಮನೆಗೆ ಕರೆ ಬಂದರೆ ಅದು ಅವ್ವನಿಗೆ.

ಈ ಎಲ್ಲ ವರ್ಷ ಭರಮಾ ನಮ್ಮ ಮನೆಗೆ ಬರುತ್ತಿದ್ದ. ಚಹಾ ಕುಡಿಯುತ್ತಿದ್ದ. ಶೋಭಾಳೇ ಮಾಡಿ ಕೊಡುತ್ತಿದ್ದಳು.

ಚಿಕ್ಕೋಡಿಯ ಆ ಬಾಕಿನ ಮೇಲೆ ಕೂತಾಗ ಇದೆಲ್ಲ ನನ್ನ ತಲೆಯಲ್ಲಿ ಓಡಿ ಹೋಯಿತು. ಅಷ್ಟರಲ್ಲಿ ಒಬ್ಬ ಹುಡುಗಿ ಸಿಸ್ಟರು ಹೊರಗೆ ಬಂದು ಭರಮಾನಿಗೆ ತಿಳಿಸಿ ಹೇಳಿದಳು. "ಅಜ್ಜಾರ, ಸುಮಾನ ಹಾಲು ಬಿಟ್ಟು ಬ್ಯಾರೆ ಏನೂ ತರಬ್ಯಾಡ್ರಿ. ಆಕಳ ಹಾಲಿಗೆ ನೀರು ಬೆರಸಿ ತರ್ತಾರ ಮಂದಿ, ತೆಳ್ಳಗ ಐತಿ ಅಂತ. ಇಷ್ಟ ಸಣ್ಣ ಕೂಸಿಗೆ ಅದು ಹೋದ್ರ ಕರುಳು ಕೊಳೀಬಹುದು."

ಭರಮಾ ತಲೆ ಎತ್ತದೆ ಕೇಳಿದ, "ಒಂದೆರಡ ಸಲ ಹೋದ್ರೂ?"

"ಒಂದೆರಡ ಸಲ ಅಂದ್ರೇನ್ರಿ? ಒಂದ ಹನಿ ಬ್ಯಾಡ ಅಂತ ಹೇಳಾಕತ್ತೇನಿ."

ಅವಳು ಒಳಗೆ ಹೋದಳು. ನಾನು ಅವನ ಮುಖ ನೋಡಿದೆ. ನಲವತ್ತು ವರ್ಷದ ಗೆಳೆತನದಲ್ಲಿ ಆ ಮುಖವನ್ನು ಓದಲು ನನಗೆ ಯಾವ ಡಿಗ್ರಿಯೂ ಬೇಕಾಗಿರಲಿಲ್ಲ.

"ಹೊರಗ ಬಾ" ಅಂದೆ.

ದವಾಖಾನೆಯ ಎದುರಿನ ಚಹಾದ ಅಂಗಡಿಯ ಹಿಂದೆ ನಿಂತು ಹೇಳಿದ. ಆ ಬೇಸಿಗೆಯಲ್ಲಿ, ಬಾಟ್ಲಿ ತುಂಬಿ ಬಂದ ಮೊದಲ ದಿನ, ಅವನ ಹೆಂಡತಿಯ ತವರಿನವರದು ಲಗ್ನ. ದಾರಿಯಲ್ಲಿ ಕೈ ಮಾಡಿದರು, ಬಾಜೂ ಸೀಟಿನಲ್ಲಿ ಮಂದಿ ಕೂರಿಸಿಕೊಂಡ. ನಮ್ಮ ಡಬ್ಬಿ ಹಿಂದೆ ಕ್ಯಾನುಗಳ ನಡುವೆ ಹೋಯಿತು. ಕ್ಯಾನು ಸರಿದು ಡಬ್ಬಿ ಉರುಳಿತು, ಬಾಟ್ಲಿಯ ಮುಚ್ಚಳ ಸಡಿಲಾಗಿ ಹಾಲು ಚೆಲ್ಲಿತು.

"ಚಿಕ್ಕೋಡಿ ಹತ್ರ ಬಂದಾಗ ನೋಡಿದೆ. ಖಾಲಿ ಬಾಟ್ಲಿ ಹೆಂಗ ಒಯ್ಯೂದು? ಖಾಲಿ ಹಾಲಿನ ಭಾಂಡೆ ಹಿಡಕೊಂಡು ಕೂಸಿನ ಮುಂದ ಹೆಂಗ ನಿಂದ್ರೂದು, ಹೇಳು. ಕ್ಯಾನಿನಾಗಿಂದು ಆಕಳ ಹಾಲ ಹಾಕಿ ಬೋರಿನ ನೀರ ಬೆರಸಿದೆ. ನಾವೆಲ್ಲಾ ಅದನ್ನ ಕುಡದ ಬೆಳದೇವಲ್ಲ ಅಂದೆ."

"ಮರುದಿನ?"

"ಮರುದಿನ ತಂಗಿಗೆ ಜ್ವರ. ಬಾಟ್ಲಿ ಅರ್ಧಾನೂ ಇರಲಿಲ್ಲ. ನಿನ್ನೆ ಏನೂ ಆಗಿಲ್ಲಲ್ಲ ಅಂತ ತುಂಬಿಸಿ ಕೊಟ್ಟೆ. ಸಿಸ್ಟರ್ ಖುಷಿ ಆದ್ರು."

"ಡಾಕ್ಟರ್ ಕೇಳಿದ್ರಲ್ಲೋ. ನಿನ್ನ ಮಾರಿ ನೋಡಿ ಕೇಳಿದ್ರು."

"ಅಂಜಿದೆ."

"ಅವ್ವ ಇರಿವಿ ಬಿಟ್ಟಾಗ ನೀ ಬಾಗಲದಾಗ ನಿಂತಿದ್ದಿ."

ಅದಕ್ಕೆ ಅವನು ಹೇಳಿದ ಮಾತನ್ನು ನಾನು ಇದ್ದಂತೆ ಬರೆಯುತ್ತೇನೆ. "ಖರೇ ಹೇಳ್ತೇನಿ ಮಾಸ್ತರ. ಇರಿವಿ ಸತ್ತಾಗ ನನಗ ಸಮಾಧಾನ ಆತು. ನಾ ಹಾಕಿದ್ದಲ್ಲ, ಇಕಿ ಹಾಲ ಕೆಟ್ಟಿತ್ತು ಅನಿಸ್ತು. ಇಷ್ಟ ದಿನಾ ಹಂಗ ಅನಕೊಂಡ ಇದ್ದೆ. ಇವತ್ತ ಈ ಹುಡುಗಿ ಹೇಳೂತನಾ."

ಇಲ್ಲಿ ಒಂದು ಮಾತು ನೆಟ್ಟಗೆ ಹೇಳಬೇಕು. ಆಮೇಲೆ ನಾನು ಅಲ್ಲಿಯ ಡಾಕ್ಟರರನ್ನು ಕೇಳಿದೆ. ಬರೀ ತಾಯಿಯ ಹಾಲು ಕುಡಿದ ಕೂಸುಗಳಿಗೂ ಈ ಬೇನೆ ಬರುತ್ತದೆ, ಹೊರಗಿನ ಹಾಲು ಅಪಾಯವನ್ನು ಹೆಚ್ಚು ಮಾಡುತ್ತದೆ, ಆದರೆ ಇದರಿಂದಲೇ ಆಯಿತು ಎಂದು ಇಷ್ಟು ವರ್ಷದ ಮೇಲೆ ಯಾರೂ ಆಣೆ ಮಾಡಿ ಹೇಳಲಾರರು ಅಂದರು. ಹಾಗಾಗಿ ಭರಮಾ ನನ್ನ ಮಗಳನ್ನು ಕೊಂದ ಎಂದು ನಾನು ಹೇಳುವುದಿಲ್ಲ. ಹೆದರಿ ತಪ್ಪು ಮಾಡುವವರನ್ನು ನಾನು ದಿನವೂ ಶಾಲೆಯಲ್ಲಿ ನೋಡುತ್ತೇನೆ. ನಾನು ಹೇಳುವುದು ಆಮೇಲಿನ ವರ್ಷಗಳದ್ದು. ಶೋಭಾ ಎದೆಗೆ ಪಟ್ಟಿ ಬಿಗಿದುಕೊಂಡು ನಡುಗುತ್ತಿದ್ದಾಗ ಇವನು ಹೊರಗೆ ಕಟ್ಟೆಯ ಮೇಲೆ ಕೂತು, "ಮಾಸ್ತರ, ತಂಗಿ ಹಠ ಭಾಳ" ಅಂದಿದ್ದ. ಒಂದು ಮಾತು ಹೇಳಿದ್ದರೆ ಆ ಪಟ್ಟಿ ಬಿಚ್ಚುತ್ತಿತ್ತು.

ಅವತ್ತು ಸಂಜೆಯೇ ಶೋಭಾಗೆ ಹೇಳಿದೆ. ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. ಅಳಲಿಲ್ಲ.

"ಅವ್ವಗ ಈಗಲೇ ಹೇಳ್ತೇನಿ" ಎಂದು ಎದ್ದೆ.

"ನೀವು ಹೇಳಬ್ಯಾಡ್ರಿ. ನೀವು ಹೇಳಿದ್ರ ಗಂಡ ಹೆಂಡ್ತಿ ಪರ ಮಾತಾಡಿದ ಅಂತಾರ. ಅಂವ ಬರ್ಲಿ. ಯಾರ ಮುಂದ ಇರಿವಿ ಬಿಟ್ರೋ ಅವರ ಮುಂದನ ಹೇಳ್ಲಿ."

ಭರಮಾ ಒಪ್ಪಿದ. ಮೊಮ್ಮಗು ಉಳಿದು ಮನೆಗೆ ಬರಲಿ, ತೊಟ್ಟಿಲ ಕಾರ್ಯದ ದಿನ ಓಣಿಯ ಹೆಂಗಸರೆಲ್ಲ ಕೂಡಿರುತ್ತಾರೆ, ಅವರ ಮುಂದೆಯೇ ಹೇಳುತ್ತೇನೆ ಅಂದ. ಕಣ್ಣೀರು ಹಾಕಿ ಅಂದ. ಸುಮಾ ತನ್ನ ಹಾಲನ್ನೇ ಹಿಂಡಿ ಹಿಂಡಿ ಕೊಟ್ಟಳು. ಕೂಸು ಉಳಿಯಿತು. ಮನೆಗೆ ಬಂತು.

ತೊಟ್ಟಿಲ ಕಾರ್ಯಕ್ಕೆ ಕರೆಯಲು ಭರಮಾನೇ ಬಂದ. ಶೋಭಾ ಬಾಗಿಲ ಹತ್ತಿರವೇ ನಿಂತಿದ್ದಳು. ಅವ್ವನಿಗೆ ಕುಂಕುಮ ಕೊಟ್ಟು ಕರೆದ. "ಮಾಸ್ತರ, ನೀನೂ ತಪ್ಪಸಬ್ಯಾಡ" ಅಂದ. ಆಮೇಲೆ ಚಪ್ಪಲಿ ಹುಡುಕತೊಡಗಿದ.

"ಮತ್ತ ಶೋಭಾ?" ಅಂದೆ.

ನನ್ನನ್ನು ಹೊರಗೆ ಕರೆದು ಸಣ್ಣ ದನಿಯಲ್ಲಿ ಹೇಳಿದ, "ಬೀಗರು ಬರಾವ್ರ ಅದಾರ. ಹೆಣ್ಮಕ್ಕಳು ಏನೇನೋ ಅಂತಾರ, ನಿನಗ ಗೊತ್ತೈತಲ್ಲ. ಕೂಸು ಇನ್ನಾ ಎಳೇದು. ಮುಂದ ನೋಡೂಣು."

ನಾನು ಹೋಗಲಿಲ್ಲ. ಅವ್ವ ಹೋಗಿ ಅಲ್ಲಿ ಹಂಚಿದ ಗುಗ್ಗರಿ ತಂದಳು. ಅಲ್ಲಿ ಯಾರೂ ಏನೂ ಹೇಳಿರಲಿಲ್ಲ. ಆ "ಮುಂದ" ಇನ್ನೂ ಬಂದಿಲ್ಲ. ಎದುರಿಗೆ ಸಿಕ್ಕರೆ ಭರಮಾ ಗಾಡಿಯ ಹಾರ್ನು ಬಾರಿಸಿ ಕೈ ಎತ್ತುತ್ತಾನೆ. ನಾನು ಎತ್ತುವುದಿಲ್ಲ.

ಅದಕ್ಕೇ ಬರೆದೆ. ನಮ್ಮ ಮನೆತನದಲ್ಲಿ ಬರೆಯಲು ಬರುವ ಮೊದಲಿಗ ನಾನು. ಇದನ್ನಾದರೂ ಬರೆಯದಿದ್ದರೆ ಕಲಿತದ್ದು ಯಾತಕ್ಕೆ? ಶೋಭಾಳ ಹಾಲು ಚಲೋ ಇತ್ತು. ಓಣಿಯವರು ಓದಲಿ, ಬಿಡಲಿ.

ಇಲ್ಲಿತನಕ ಬರೆದದ್ದನ್ನು ಮೊನ್ನೆ ಅವ್ವನ ಮುಂದೆ ಕೂತು ಓದಿದೆ. ಅವ್ವಗೆ ಈಗ ಕಣ್ಣು ಮಂದ, ಕಿವಿ ಚುರುಕು. ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದಳು. ಮುಗಿದ ಮೇಲೆ ಎಲಿ-ಅಡಿಕೆಯ ಚೀಲ ಬಿಚ್ಚಿದಳು, ಹಾಗೇ ಕಟ್ಟಿದಳು.

"ಶೋಭವ್ವನ್ನ ಕರಿ" ಅಂದಳು.

ಒಳಗೆ ಹೋದೆ. ಶೋಭಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಮನೆ ಅಷ್ಟು ದೊಡ್ಡದಲ್ಲ.

"ಅವ್ವ ಕರೀತಾಳ."

"ಕೈ ಹಿಟ್ಟಾಗ್ಯಾವು ಅಂತ ಹೇಳ್ರಿ."

ಹೊರಗೆ ಬಂದು ಹೇಳಿದೆ. "ಆಗಲಿ, ಮುಗಿಸಿ ಬರ್ಲಿ" ಎಂದು ಅವ್ವ ಗೋಡೆಗೆ ಒರಗಿ ಕಾಯುತ್ತ ಕೂತಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು. ಒಂದು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಅಷ್ಟು ರೊಟ್ಟಿ ತಿನ್ನುವ ಮಂದಿ ಅವತ್ತು ನಮ್ಮ ಮನೆಯಲ್ಲಿರಲಿಲ್ಲ.